ಮಳೆ ಕೈಕೊಟ್ಟಿತು ಅಂದರೆ ಯಾರ ಕೈ?



ಬೆಲೆಯ ಮಾತು, ಸಾಲದ ಮಾತು ನಿಮಗೆ ಹೊಸದಲ್ಲ. ಎಕರೆ ರಾಗಿಗೆ ಏನು ಖರ್ಚು ಬಿತ್ತು, ಮಂಡಿಯಲ್ಲಿ ಏನು ದಕ್ಕಿತು, ಸೊಸೈಟಿಯಲ್ಲಿ ಅಸಲು ಎಷ್ಟು, ಬಡ್ಡಿ ಎಷ್ಟು, ಇದನ್ನೆಲ್ಲ ಯಾರೂ ನಿಮಗೆ ಕಲಿಸಬೇಕಾಗಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಆ ಲೆಕ್ಕದ ಪುಸ್ತಕದಲ್ಲಿ ಯಾರೂ ಬರೆಯದ ಒಂದು ಬಾಬಿನ ಬಗ್ಗೆ. ಅದು ಮಳೆ.

ಬೆಳೆ ಹೋದ ವರ್ಷ ನಾವು "ಮಳೆ ಕೈಕೊಟ್ಟಿತು" ಅಂತೀವಿ. ತಾಲ್ಲೂಕು ಕಚೇರಿಯವರು ಅದನ್ನೇ "ಪ್ರಕೃತಿ ವಿಕೋಪ" ಅಂತ ಬರೀತಾರೆ. ಬ್ಯಾಂಕಿನವರು "ನೈಸರ್ಗಿಕ ಕಾರಣ" ಅಂತ ನಮೂದಿಸುತ್ತಾರೆ. ಮೂರು ಮಾತಿನ ಅರ್ಥವೂ ಒಂದೇ: ಇದಕ್ಕೆ ಯಾರೂ ಹೊಣೆಯಲ್ಲ. ಯಾರೂ ಹೊಣೆಯಲ್ಲದ ನಷ್ಟ ಕೊನೆಗೆ ಯಾರ ತಲೆ ಮೇಲೆ ಬೀಳುತ್ತೆ ಅನ್ನೋದು ನಿಮಗೆ ಗೊತ್ತೇ ಇದೆ. ಬಿತ್ತಿದವನ ತಲೆ ಮೇಲೆ.

ಮಳೆಯಲ್ಲಿ ದೇವರ ಪಾಲು, ಪ್ರಕೃತಿಯ ಪಾಲು ದೊಡ್ಡದು. ಅದರಲ್ಲಿ ಅನುಮಾನ ಇಲ್ಲ. ಆದರೆ ಮನುಷ್ಯನ ಪಾಲೂ ಇದೆ. ಮನುಷ್ಯ ಮುಗಿಲಿಗೆ ಬಿಟ್ಟ ಹೊಗೆ, ಮಸಿ, ಧೂಳು ಮತ್ತು ಮನುಷ್ಯ ನೆಲದ ಮೇಲೆ ಮಾಡಿದ ಬದಲಾವಣೆ, ಈ ಎರಡೂ ಮುಂಗಾರನ್ನು ಅಲುಗಾಡಿಸಿವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಇದು ಕಾಲೇಜಿನ ಗೋಡೆಯೊಳಗೆ ಉಳಿಯಬೇಕಾದ ವಿಷಯ ಅಲ್ಲ. ನಿಮ್ಮ ಸಾಲದ ವಿಷಯ.

ಮುಂಗಾರು ನಡೆಯುವ ಬಗೆ

ಮೊದಲು ಮುಂಗಾರು ಹೇಗೆ ಬರುತ್ತೆ ನೋಡೋಣ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಬೇಗ ಕಾಯುತ್ತೆ, ಸಮುದ್ರ ನಿಧಾನ ಕಾಯುತ್ತೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತೆ. ಆ ಜಾಗ ತುಂಬಲು ದಕ್ಷಿಣದ ಸಮುದ್ರದ ಕಡೆಯಿಂದ ತೇವ ಹೊತ್ತ ಗಾಳಿ ಭೂಮಧ್ಯರೇಖೆ ದಾಟಿ ಬರುತ್ತೆ. ಜೂನ್ 1ರ ಹೊತ್ತಿಗೆ ಕೇರಳ ಮುಟ್ಟಬೇಕು ಅನ್ನೋದು ವಾಡಿಕೆಯ ಲೆಕ್ಕ. ಅಲ್ಲಿಂದ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೆ ಹತ್ತಿ, ತಣ್ಣಗಾಗಿ, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಸುರಿಯುತ್ತೆ. ಘಟ್ಟ ಇಳಿದು ಚಳ್ಳಕೆರೆಗೆ ಬರೋ ಹೊತ್ತಿಗೆ ಗಾಳಿಯ ಜೋಳಿಗೆ ಬರಿದಾಗಿರುತ್ತೆ. ಅಲ್ಲಿ 500 ಮಿ.ಮೀ. ಆಸುಪಾಸು ಬಿದ್ದರೆ ಅದೇ ಭಾಗ್ಯ.

ಅಂದರೆ ಮುಂಗಾರಿನ ಎಂಜಿನ್ ಓಡೋದು ಒಂದು ವ್ಯತ್ಯಾಸದ ಮೇಲೆ. ಇತ್ತ ಬಿಸಿ ನೆಲ, ಅತ್ತ ತಂಪು ಸಮುದ್ರ. ಈ ವ್ಯತ್ಯಾಸ ಜಾಸ್ತಿಯಾದರೆ ಗಾಳಿ ಜೋರು, ಕಡಿಮೆಯಾದರೆ ಗಾಳಿ ಮಂದ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತೆಲ್ಲ ಸುಲಭ.

ಹೊಗೆ ಮಾಡುವ ಮೂರು ಕೆಲಸ

ಗಾಳಿಯಲ್ಲಿ ತೇಲುವ ಕಣಗಳು ಹಲವು ಬಗೆ. ಕಲ್ಲಿದ್ದಲು ಸುಟ್ಟಾಗ ಬರುವ ಗಂಧಕದ ಹೊಗೆ ಗಾಳಿಯಲ್ಲಿ ಸಣ್ಣ ಸಣ್ಣ ಕಣವಾಗುತ್ತೆ. ಡೀಸೆಲ್ ಲಾರಿ, ಇಟ್ಟಿಗೆ ಗೂಡು, ಸೌದೆ ಒಲೆ, ಹೊಲಕ್ಕಿಟ್ಟ ಬೆಂಕಿ, ಇವುಗಳಿಂದ ಕಪ್ಪು ಮಸಿ ಬರುತ್ತೆ. ಮರುಭೂಮಿಯಿಂದ ಧೂಳು, ಸಮುದ್ರದಿಂದ ಉಪ್ಪು. ಇವು ಮುಂಗಾರಿಗೆ ಮೂರು ಥರ ಅಡ್ಡ ಬರ್ತವೆ, ಅಥವಾ ಕೆಲವು ಸಲ ನೆರವಾಗ್ತವೆ.

ಮೊದಲನೆಯದು ನೆರಳು. ಹೊಗೆಯ ಚಪ್ಪರ ಹಾಕಿದಂತೆ ಬಿಸಿಲು ನೆಲಕ್ಕೆ ಮುಟ್ಟದೆ ಹೋಗುತ್ತೆ. 1999ರಲ್ಲಿ ವಿ. ರಾಮನಾಥನ್ ಮತ್ತು ಪಾಲ್ ಕ್ರುಟ್ಜೆನ್ ಅವರ ಮುಂದಾಳತ್ವದಲ್ಲಿ ಹಿಂದೂ ಮಹಾಸಾಗರದ ಮೇಲೆ ಹಡಗು, ವಿಮಾನ ಇಟ್ಟುಕೊಂಡು ದೊಡ್ಡ ಪರೀಕ್ಷೆ ನಡೆಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಓದಿದವರು ಈ ರಾಮನಾಥನ್. ಅವರು ಕಂಡದ್ದು ಏನು? ನಮ್ಮ ಉಪಖಂಡದಿಂದ ಸಮುದ್ರದ ಮೇಲಕ್ಕೆ ಚಾಚಿದ, ಸುಮಾರು 3 ಕಿ.ಮೀ. ದಪ್ಪದ ಕಂದು ಮಬ್ಬು. ಅದರ ಕೆಳಗೆ ಬಿಸಿಲು ಸುಮಾರು ಶೇ. 10ರಷ್ಟು ಕಡಿಮೆ. ಈ ಮಬ್ಬು ಉತ್ತರದಲ್ಲಿ ದಟ್ಟ, ದಕ್ಷಿಣದ ಸಾಗರದ ಮೇಲೆ ತೆಳುವು. ಅಂದರೆ ಕಾಯಬೇಕಾದ ಕಡೆ ಕಾವು ಕಡಿಮೆಯಾಯಿತು, ತಂಪಿರಬೇಕಾದ ಕಡೆ ಹಾಗೇ ಉಳಿಯಿತು. ಎಂಜಿನ್ನಿನ ಬುಡಕ್ಕೇ ನೀರು ಹೊಯ್ದ ಹಾಗಾಯಿತು. ಬಿಸಿಲು ಕಡಿಮೆಯಾದರೆ ಸಮುದ್ರದ ನೀರು ಆವಿಯಾಗೋದೂ ಕಡಿಮೆ.

ಎರಡನೆಯದು ಕಾವು. ಗಂಧಕದ ಕಣ ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತೆ. ಮಸಿ ಹಾಗಲ್ಲ, ಬಿಸಿಲನ್ನು ನುಂಗಿ ತಾನೇ ಕಾಯುತ್ತೆ. ಕೆಳಗೆ ನೆಲ ತಂಪು, ಮೇಲೆ ಗಾಳಿ ಬಿಸಿ ಅಂತಾದರೆ ಆವಿ ಮೇಲೇಳೋದು ಕಷ್ಟ, ಮೋಡ ಕಟ್ಟೋದೂ ಕಷ್ಟ. ಆದರೆ ಇದೇ ಮಸಿ, ಧೂಳು ಹಿಮಾಲಯದ ತಪ್ಪಲಲ್ಲಿ ಎತ್ತರಕ್ಕೆ ಪೇರಿಕೊಂಡು ಕಾದರೆ ಮುಂಗಾರಿನ ಆರಂಭದಲ್ಲಿ ಆ ಕಡೆಗೆ ಮಳೆಯನ್ನು ಎಳೆದುಕೊಳ್ಳಬಹುದು ಅಂತ ಇನ್ನೊಂದು ವಾದ 2006ರಲ್ಲಿ ಬಂತು. ಅದರ ಮೇಲೆ ವಿಜ್ಞಾನಿಗಳಲ್ಲೇ ಜಗಳ ಇದೆ. ಇರಲಿ, ಜಗಳ ಇರುವ ಕಡೆ ಇದೆ ಅಂತಲೇ ಹೇಳೋಣ.

ಮೂರನೆಯದು ಬೀಜ. ಬೀಜ ಇಲ್ಲದೆ ಪೈರಿಲ್ಲ, ಕಣ ಇಲ್ಲದೆ ಹನಿ ಇಲ್ಲ. ಆವಿ ನೀರಾಗಬೇಕಾದರೆ ಕೂರಲು ಒಂದು ಕಣ ಬೇಕು. ಮೋಡದೊಳಗಿನ ಸುಮಾರು ಹತ್ತು ಲಕ್ಷ ಕಿರುಹನಿ ಕೂಡಿದರೆ ಒಂದು ಮಳೆಹನಿ. ಈಗ ಒಂದು ಸೇರು ಬಿತ್ತುವ ಜಾಗಕ್ಕೆ ಹತ್ತು ಸೇರು ಚೆಲ್ಲಿದರೆ ಏನಾಗುತ್ತೆ? ಪೈರು ಒತ್ತೊತ್ತಾಗಿ ಹುಟ್ಟಿ ಯಾವುದಕ್ಕೂ ತೆನೆ ಕಟ್ಟಲ್ಲ. ಮೋಡದ್ದೂ ಅದೇ ಪಾಡು. ಕಣ ಅತಿಯಾದರೆ ಇರುವ ನೀರು ಹಂಚಿಹೋಗಿ ಹನಿಗಳು ಸಣ್ಣವಾಗೇ ಉಳೀತವೆ. ಮೋಡ ಬರುತ್ತೆ, ಕವಿಯುತ್ತೆ, ಸುರಿಯದೆ ಹೋಗುತ್ತೆ. ಎತ್ತರಕ್ಕೆ ಬೆಳೆಯುವ ಗುಡುಗು ಮೋಡದಲ್ಲಿ ಇದೇ ತಡ ತಿರುಗುಬಾಣವಾಗಿ, ತಡೆದ ನೀರೆಲ್ಲ ಒಮ್ಮೆಗೇ ದಬದಬ ಸುರಿಯುವುದೂ ಉಂಟು.

ಎಲ್ಲ ಕಣವೂ ಮಳೆಗೆ ಶತ್ರುವಲ್ಲ. ಅರಬ್ ದೇಶಗಳ ಕಡೆಯಿಂದ ಬಂದ ಧೂಳು ಅರಬ್ಬೀ ಸಮುದ್ರದ ಮೇಲೆ ಕಾದಾಗ ಗಾಳಿ ಚುರುಕಾಗಿ, ವಾರದೊಳಗೆ ಮಧ್ಯ ಭಾರತದಲ್ಲಿ ಮಳೆ ಹೆಚ್ಚುತ್ತೆ ಅಂತ 2014ರಲ್ಲಿ ಒಂದು ಸಂಶೋಧನೆ ಹೇಳಿತು. ಹೀಗಾಗಿ "ಹೊಗೆ ಬಂತು, ಮಳೆ ಹೋಯಿತು" ಅಂತ ಒಂದೇ ಏಟಿಗೆ ಹೇಳುವವನನ್ನು ನಂಬಬೇಡಿ. ಯಾವ ಕಣ, ಎಲ್ಲಿ, ಯಾವ ತಿಂಗಳು ಅಂತ ಕೇಳಿ.

ಒಟ್ಟು ಲೆಕ್ಕ ಏನು ಹೇಳುತ್ತೆ

ಜಮಾ ಖರ್ಚು ಕೂಡಿಸಿದರೆ ಏನು ಬಂತು? ಕೇಂದ್ರದ ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಒಂದು ವರದಿ ಹೊರತಂದಿತು. 1951ರಿಂದ 2015ರವರೆಗೆ ದೇಶದ ಜೂನ್–ಸೆಪ್ಟೆಂಬರ್ ಮಳೆ ಸುಮಾರು ಶೇ. 6ರಷ್ಟು ಇಳಿದಿದೆ. ಹೆಚ್ಚು ಇಳಿದದ್ದು ಎಲ್ಲಿ? ಗಂಗಾ ಬಯಲಿನಲ್ಲಿ ಮತ್ತು ನಮ್ಮ ಪಶ್ಚಿಮ ಘಟ್ಟದಲ್ಲಿ. ಶೇ. 6 ಅಂದರೆ ಏನು ಮಹಾ ಅಂತೀರಾ? ದೇಶದ ವಾಡಿಕೆ ಮುಂಗಾರು ಮಳೆ 87 ಸೆಂ.ಮೀ. ಅದರಲ್ಲಿ ಶೇ. 6 ಅಂದರೆ 5 ಸೆಂ.ಮೀ. ಎಕರೆಗೆ ಲೆಕ್ಕ ಹಾಕಿದರೆ 2 ಲಕ್ಷ ಲೀಟರ್ ನೀರು.

ಗಾಳಿಗೆ ಸೇರಿದ ಇಂಗಾಲದ ಅನಿಲದಿಂದ ಭೂಮಿ ಬಿಸಿಯಾದರೆ ಮಳೆ ಹೆಚ್ಚಬೇಕಿತ್ತು. ಬಿಸಿ ಗಾಳಿ ಹೆಚ್ಚು ಆವಿ ಹೊರುತ್ತೆ. ಹಾಗಿದ್ದೂ ಯಾಕೆ ಇಳಿಯಿತು? ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಬೊಲಾಸಿನಾ, ಮಿಂಗ್, ರಾಮಸ್ವಾಮಿ ಎಂಬ ಮೂವರು 2011ರಲ್ಲಿ ಕಂಪ್ಯೂಟರಿನಲ್ಲಿ ಅನಿಲವನ್ನೇ ಬೇರೆ, ಹೊಗೆಯನ್ನೇ ಬೇರೆ ಇಟ್ಟು ನೋಡಿದರು. ಇಪ್ಪತ್ತನೇ ಶತಮಾನದ ಉತ್ತರಾರ್ಧದ ಇಳಿಕೆಗೆ ಮುಖ್ಯವಾಗಿ ಮನುಷ್ಯ ಬಿಟ್ಟ ಕಣಗಳೇ ಕಾರಣ ಅಂತ ಅವರ ಲೆಕ್ಕ ಬಂತು. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ 2021ರ ತನ್ನ ವರದಿಯಲ್ಲಿ ಇದೇ ಮಾತನ್ನು ಒಪ್ಪಿತು.

ಬೆಳೆಗೆ ಇದರಿಂದ ಏನಾಯಿತು? 2006ರಲ್ಲಿ ಔಫ್‌ಹ್ಯಾಮರ್, ರಾಮನಾಥನ್, ವಿನ್ಸೆಂಟ್ ಮಳೆಯಾಶ್ರಿತ ಭತ್ತದ ರಾಜ್ಯಗಳ ಲೆಕ್ಕ ತೆಗೆದರು. ಕಂದು ಮಬ್ಬು ಮತ್ತು ಬಿಸಿ ಮಾಡುವ ಅನಿಲ ಎರಡೂ ಇರದಿದ್ದರೆ 1985ರಿಂದ 1998ರ ನಡುವೆ ಭತ್ತದ ಫಸಲು ಸುಮಾರು ಶೇ. 14 ಹೆಚ್ಚಿರುತ್ತಿತ್ತು ಅಂತ ಅವರ ಅಂದಾಜು. ಇದು ಸರಾಸರಿ, ಇದು ಅಂದಾಜು. ಆದರೂ 20 ಕ್ವಿಂಟಾಲ್ ಅಳೆದ ಕಣದಲ್ಲಿ 23 ಕ್ವಿಂಟಾಲ್ ಹತ್ತಿರ ಇರಬಹುದಿತ್ತು ಅಂತ ಅದರ ಅರ್ಥ. ಆ 3 ಕ್ವಿಂಟಾಲ್ ಯಾವ ದಲ್ಲಾಳಿಯ ತಕ್ಕಡಿಯಲ್ಲೂ ಹೋಗಿಲ್ಲ, ಯಾವ ಇಲಿಯೂ ತಿಂದಿಲ್ಲ. ಹುಟ್ಟುವ ಮೊದಲೇ ಹೋಯಿತು.

ಸರಾಸರಿಯ ಮಾತು ಅರ್ಧ ಮಾತ್ರ. ಇನ್ನರ್ಧ, ಮಳೆ ಬೀಳುವ ರೀತಿ. ಅದೇ 2020ರ ವರದಿ ಹೇಳುವ ಪ್ರಕಾರ 1951–80ಕ್ಕೆ ಹೋಲಿಸಿದರೆ 1981–2011ರಲ್ಲಿ ಮಳೆಗಾಲದ ನಡುವಿನ ಒಣಹವೆಯ ಸರದಿಗಳು ಶೇ. 27 ಹೆಚ್ಚು. ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿ.ಮೀ. ಮೀರಿ ಸುರಿಯುವ ಮಳೆ 1950ರಿಂದ 2015ರೊಳಗೆ ಸುಮಾರು ಶೇ. 75 ಹೆಚ್ಚಾಯಿತು. ಇದರಲ್ಲಿ ಹೊಗೆಗಿಂತ ಬಿಸಿಯ ಕೈವಾಡ ದೊಡ್ಡದು. ನಮ್ಮಲ್ಲಿ 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿದದ್ದು, 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಮುಳುಗಿದ್ದು ನೀವು ಕಂಡಿದ್ದೀರಿ. ಬಿದ್ದರೆ ಗುಡ್ಡ ಕುಸಿಯುವಷ್ಟು, ಬೀಳದಿದ್ದರೆ ಪೈರು ಸುರುಟುವಷ್ಟು. ಹದವಾದ ಸೋನೆ ಮಳೆ ಕಾಣೆಯಾಗುತ್ತಿದೆ.

ನೆಲ ಮಾಡುವ ಕೈಗಡ

ಈಗ ಮುಗಿಲಿನಿಂದ ನೆಲಕ್ಕಿಳಿಯೋಣ. ಬಿದ್ದ ಮಳೆಯೆಲ್ಲ ಹೊಳೆಗೆ ಹೋಗಲ್ಲ. ಒಂದು ಪಾಲನ್ನು ಮರ, ಪೈರು, ಹುಲ್ಲು ಬೇರಿನಿಂದ ಕುಡಿದು ಎಲೆಯಿಂದ ಮತ್ತೆ ಆವಿಯಾಗಿ ಬಿಡ್ತವೆ. ಆ ಆವಿ ಮುಂದಿನ ಊರಲ್ಲಿ ಮಳೆ. ಅಂದರೆ ನೆಲ ಮಳೆಯನ್ನು ಕೈಗಡ ತಗೊಂಡು ಹಿಂದಿರುಗಿಸುತ್ತೆ, ಬಡ್ಡಿ ಇಲ್ಲದೆ. ಗಂಗಾ ಬಯಲು ಮತ್ತು ಈಶಾನ್ಯದಲ್ಲಿ ಮಳೆಗಾಲದ ಕೊನೆಯ ಹೊತ್ತಿಗೆ ಬೀಳುವ ಮಳೆಯಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹೀಗೆ ನೆಲದಿಂದಲೇ ಎದ್ದ ನೀರು ಅಂತ ಮುಂಬಯಿ ಐಐಟಿಯ ಸುಬಿಮಲ್ ಘೋಷ್ ಮತ್ತು ಸಂಗಡಿಗರ ಅಂದಾಜು. ದೊಡ್ಡ ಕಾಡು ಕಡಿದು ಹೊಲ ಮಾಡಿದಾಗ ಆಳದ ಬೇರು ಹೋಗಿ, ಆವಿ ಕಡಿಮೆಯಾಗಿ, ಈ ಕೈಗಡದ ವ್ಯವಹಾರ ಕುಸಿಯುತ್ತೆ ಅಂತ 2016ರಲ್ಲಿ ಅವರೇ ತೋರಿಸಿದರು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಉಂಟು. ಪಶ್ಚಿಮ ಘಟ್ಟದ ಕಾಡು ಬಿಡುವ ಆವಿ ಗಾಳಿಯ ಜೊತೆ ಪೂರ್ವಕ್ಕೆ ಹೋಗಿ ತಮಿಳುನಾಡಿನಲ್ಲಿ ಮಳೆಯಾಗುತ್ತೆ. ಮಳೆ ಕೊರತೆಯ ವರ್ಷಗಳಲ್ಲಿ ಅಲ್ಲಿನ ನೈಋತ್ಯ ಮುಂಗಾರಿನ ಶೇ. 25ರಿಂದ 40ರಷ್ಟು ತೇವ ಈ ಕಾಡುಗಳದ್ದೇ ಅಂತ 2018ರ ಲೆಕ್ಕ. ಕಾವೇರಿ ನೀರಿಗಾಗಿ ಎರಡು ರಾಜ್ಯ ಕೋರ್ಟಿನಲ್ಲಿ ಎಷ್ಟು ವರ್ಷ ಕಾದಾಡಿವೆ! ಮೆಟ್ಟೂರಿಗೆ ಹರಿಯುವ ನೀರನ್ನು ಟಿಎಂಸಿಯಲ್ಲಿ ಅಳೆಯುವ ನಾವು, ತಲೆಯ ಮೇಲೆ ಹರಿಯುವ ಕಾವೇರಿಯನ್ನು ಅಳೆಯಲಿಲ್ಲ. ಘಟ್ಟದ ಕಾಡು ಉಳಿದರೆ ತಂಜಾವೂರಿನ ರೈತನಿಗೂ ಲಾಭ, ಹೋದರೆ ಅವನಿಗೂ ನಷ್ಟ.

ನೀರಾವರಿಯ ಕಥೆಯೂ ಇದೆ. ಉತ್ತರ ಭಾರತದಲ್ಲಿ ಕೋಟ್ಯಂತರ ಎಕರೆಗೆ ಕೊಳವೆ ಬಾವಿ, ಕಾಲುವೆಯ ನೀರು ಹರಿಯುತ್ತೆ. ನೀರುಂಡ ನೆಲ ತಂಪಾಗುತ್ತೆ. ಮೊದಲೇ ಹೇಳಿದೆನಲ್ಲ, ನೆಲ ತಂಪಾದರೆ ಎಂಜಿನ್ ಮಂದ. ಆ ಅತಿಯಾದ ನೀರಾವರಿ ಸೆಪ್ಟೆಂಬರಿನ ಮಳೆಯನ್ನು ವಾಯವ್ಯದ ಕಡೆಗೆ ಸರಿಸುತ್ತೆ, ಮಧ್ಯ ಭಾರತದಲ್ಲಿ ಅತಿವೃಷ್ಟಿಯನ್ನು ಹೆಚ್ಚಿಸುತ್ತೆ ಅಂತ 2019ರಲ್ಲಿ ಇನ್ನೊಂದು ಸಂಶೋಧನೆ ಬಂತು. ಗೋಧಿ, ಭತ್ತಕ್ಕೆ ಮಾತ್ರ ಖಾತ್ರಿ ಖರೀದಿ ಇಟ್ಟು, ಜೋಳ, ಸಜ್ಜೆ, ದ್ವಿದಳ ಧಾನ್ಯವನ್ನು ಮಂಡಿಯ ಮರ್ಜಿಗೆ ಬಿಟ್ಟ ನೀತಿಯೇ ಆ ನೀರನ್ನು ಅಲ್ಲಿ ಹರಿಸಿತು. ಬೆಲೆ ನೀತಿ ಮೋಡದವರೆಗೂ ಮುಟ್ಟುತ್ತೆ, ನೋಡಿ.

ತಪ್ಪು ಯಾರ ಮೇಲೆ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಆಫ್ರಿಕದಲ್ಲಿ ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಸಾಹೇಲ್ ಎಂಬ ಸೀಮೆ ಇದೆ. 1970, 80ರ ದಶಕಗಳಲ್ಲಿ ಅಲ್ಲಿ ಘೋರ ಬರ ಬಿತ್ತು. ದನ, ಕುರಿ ಅತಿಯಾಗಿ ಮೇಯಿಸಿ ನೆಲ ಬೋಳಾಯಿತು, ಬೋಳು ನೆಲ ಬಿಸಿಲನ್ನು ಹಿಂದಕ್ಕೆ ಹೊಳೆಸಿ ಮಳೆ ತಪ್ಪಿತು ಎಂಬ ವಾದವನ್ನು 1975ರಲ್ಲಿ ಚಾರ್ನಿ ಎಂಬ ದೊಡ್ಡ ವಿಜ್ಞಾನಿ ಮುಂದಿಟ್ಟರು. ನೆಲ ಬೋಳಾದರೆ ಮಳೆಗೆ ಪೆಟ್ಟು ಎಂಬ ಸೂತ್ರ ತಪ್ಪಲ್ಲ. ಆದರೆ ಜಗತ್ತು ಅದರಿಂದ ತೆಗೆದ ತೀರ್ಪು ಏನು? ಕುರಿ ಕಾಯುವವನೇ ಅಪರಾಧಿ ಅಂತ. ಆಮೇಲೆ ಮೂರು ದಶಕ ಲೆಕ್ಕ ಹಾಕಿದಾಗ ಕಂಡದ್ದು ಬೇರೆ. ಸಮುದ್ರದ ಕಾವು ಬದಲಾದದ್ದೇ ಆ ಬರಕ್ಕೆ ದೊಡ್ಡ ಕಾರಣ. ಯುರೋಪು, ಉತ್ತರ ಅಮೆರಿಕದ ಕಾರ್ಖಾನೆಗಳ ಗಂಧಕದ ಹೊಗೆ ಉತ್ತರ ಅಟ್ಲಾಂಟಿಕ್ ಸಾಗರವನ್ನು ತಂಪಾಗಿಸಿ ಮಳೆಯ ಪಟ್ಟೆಯನ್ನೇ ದಕ್ಷಿಣಕ್ಕೆ ತಳ್ಳಿದ್ದೂ ಅದರಲ್ಲಿ ಸೇರಿತ್ತು. ಅವರು ಚಿಮಣಿ ಶುದ್ಧ ಮಾಡಿದ ಮೇಲೆ ಸಾಹೇಲಿನ ಮಳೆಯೂ ಸ್ವಲ್ಪ ಸ್ವಲ್ಪ ಚೇತರಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ.

ನಮ್ಮಲ್ಲೂ ಅದೇ ಆಗುತ್ತಿದೆ. ಹೊಗೆ ಅಂದ ಕೂಡಲೆ ದೆಹಲಿಯ ಪತ್ರಿಕೆಗಳು ಪಂಜಾಬಿನ ರೈತ ಸುಡುವ ಕೂಳೆಯನ್ನು ತೋರಿಸ್ತವೆ. ಆ ಹೊಗೆ ಕೆಟ್ಟದ್ದು, ಸಂಶಯವಿಲ್ಲ. ಆದರೆ ಅವನು ಸುಡೋದು ಅಕ್ಟೋಬರ್–ನವೆಂಬರ್‌ನಲ್ಲಿ, ಮುಂಗಾರು ಮುಗಿದ ಮೇಲೆ. ಅಂತರ್ಜಲ ಉಳಿಸಲು 2009ರಲ್ಲಿ ಕಾನೂನು ತಂದು ನಾಟಿಯನ್ನು ಜೂನ್‌ಗೆ ಮುಂದೂಡಿದ ಮೇಲೆ ಭತ್ತ ಕೊಯ್ದು ಗೋಧಿ ಬಿತ್ತಲು ಅವನಿಗೆ ಉಳಿದದ್ದು ಎರಡು ಮೂರು ವಾರ. ವರ್ಷವಿಡೀ ಉಗುಳುವ ಚಿಮಣಿಯ ಮಾತು ಯಾಕೆ ಅಷ್ಟು ಬರಲ್ಲ?

ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಬಿಡುವ ಗಂಧಕಕ್ಕೆ ಮಿತಿ ಹಾಕಿ 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಎರಡು ವರ್ಷದಲ್ಲಿ ಜಾರಿಯಾಗಬೇಕಿತ್ತು. ವಾಯಿದೆ ಮೇಲೆ ವಾಯಿದೆ ಕೊಟ್ಟು, 2025ರ ಜುಲೈನಲ್ಲಿ ಸುಮಾರು ಶೇ. 78ರಷ್ಟು ಘಟಕಗಳಿಗೆ ಗಂಧಕ ತೊಳೆಯುವ ಯಂತ್ರ ಹಾಕುವ ಹಂಗೇ ಇಲ್ಲ ಅಂತ ವಿನಾಯಿತಿ ಕೊಟ್ಟಿತು. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ಖರ್ಚು ಜಾಸ್ತಿ, ಕರೆಂಟಿನ ದರ ಏರುತ್ತೆ ಎಂಬುದು ಅವರ ವಾದ. ಆ ಕರೆಂಟು ನಿಮ್ಮ ಪಂಪ್‌ಸೆಟ್ಟಿಗೂ ಬರುತ್ತೆ, ನಾನು ಅಲ್ಲ ಅನ್ನಲ್ಲ. ಆದರೆ ಖರ್ಚು ಉಳಿಯಿತು ಅನ್ನುವ ಮಾತು ಸುಳ್ಳು. ಖರ್ಚು ಎಲ್ಲೂ ಹೋಗಿಲ್ಲ. ಅವರ ಪುಸ್ತಕದಿಂದ ಹಾರಿ ನಿಮ್ಮ ಪುಸ್ತಕಕ್ಕೆ ಬಂದು ಕೂತಿದೆ. ಒಂದು ಗಮನಿಸಿ: ಒಬ್ಬ ರೈತ ಸೊಸೈಟಿ ಸಾಲಕ್ಕೆ ಇಂಥ ಹತ್ತು ವರ್ಷದ ವಾಯಿದೆ ಕೇಳಿದರೆ ಏನಾಗುತ್ತಿತ್ತು?

ಹಾಗೆಂದು ಒಂದೊಂದು ವರ್ಷದ ಬರವನ್ನು ಹೊಗೆಯ ಲೆಕ್ಕಕ್ಕೆ ಬರೆಯೋದೂ ನ್ಯಾಯವಲ್ಲ. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಆಯಿತು. ಆ ವರ್ಷ ಪೆಸಿಫಿಕ್ ಸಾಗರ ಕಾಯುವ ಎಲ್ ನಿನೊ ಇತ್ತು, ಅದರ ಕೈ ದೊಡ್ಡದು. 2020ರಲ್ಲಿ ಲಾಕ್‌ಡೌನ್ ಆಗಿ ಹೊಗೆ ಇಳಿಯಿತು, ಮುಂಗಾರು ವಾಡಿಕೆಯ ಶೇ. 109 ಆಯಿತು. ಸ್ವಚ್ಛ ಗಾಳಿಯೂ ಸ್ವಲ್ಪ ನೆರವಾಯಿತು ಅಂತ ಲೆಕ್ಕ ಹಾಕಿದವರಿದ್ದಾರೆ. ಆದರೆ 2019ರಲ್ಲಿ ಹೊಗೆ ಇದ್ದೂ ಶೇ. 110 ಬಿದ್ದಿತ್ತು. ಒಂದು ವರ್ಷ ಸಾಕ್ಷಿಯಲ್ಲ, ಐವತ್ತು ವರ್ಷದ ಇಳಿತ ಸಾಕ್ಷಿ.

ಸರಾಸರಿ ಎಂಬ ಮೋಸ

ಈಗ ಹಣದ ಮಾತಿಗೆ ಬರೋಣ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದವು. ರಾಜ್ಯ ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,450 ಕೋಟಿ. 2022ರಿಂದ 2026ರವರೆಗಿನ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿಗೆ ಮಾತ್ರ. ಎಕರೆಗೆ 3,440 ರೂಪಾಯಿ. ಉಳುಮೆ, ಬೀಜ, ಗೊಬ್ಬರದ ಖರ್ಚನ್ನು ನೀವೇ ಅದರ ಪಕ್ಕಕ್ಕೆ ಬರೆದು ನೋಡಿ.

ಬೆಳೆ ವಿಮೆಯಲ್ಲಿ ಇನ್ನೊಂದು ಗುಟ್ಟಿದೆ. 2016ರಿಂದ ನಡೆಯುತ್ತಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆ, ಎಣ್ಣೆಕಾಳಿಗೆ ನೀವು ಕಟ್ಟುವುದು ಶೇ. 2. ನಷ್ಟ ಅಳೆಯೋದು ಹೇಗೆ? ನಿಮ್ಮ ಪಂಚಾಯಿತಿ ಅಥವಾ ಹೋಬಳಿಯ ಹಿಂದಿನ 7 ವರ್ಷದಲ್ಲಿ ಒಳ್ಳೆಯ 5 ವರ್ಷದ ಸರಾಸರಿ ತೆಗೆದು, ಅದರ ಶೇ. 70, 80 ಅಥವಾ 90ನ್ನು ಗಡಿ ಅಂತ ಇಡ್ತಾರೆ. ಒಂದು ಲೆಕ್ಕ ಹಾಕೋಣ. ಒಳ್ಳೆಯ ಕಾಲದಲ್ಲಿ ಎಕರೆಗೆ 6 ಕ್ವಿಂಟಾಲ್ ಕಡಲೆಕಾಯಿ ಬರುತ್ತಿತ್ತು ಅನ್ನಿ. ಶೇ. 80ರ ಗಡಿ 4.8 ಕ್ವಿಂಟಾಲ್. ಈ ವರ್ಷ 3.5 ಬಂದರೆ ಕೊರತೆ ಶೇ. 27. ಎಕರೆಗೆ 20,000 ರೂಪಾಯಿ ವಿಮೆ ಇದ್ದರೆ 5,400 ರೂಪಾಯಿ ಸಿಗಬೇಕು. ಆದರೆ ಒಣಹವೆ ಮೇಲೆ ಒಣಹವೆ ಬಂದು ಏಳು ವರ್ಷದ ಇಳುವರಿ 6, 5, 3, 2, 6, 3, 2 ಅಂತಾಗಿದ್ದರೆ? ಒಳ್ಳೆಯ ಐದರ ಸರಾಸರಿ 4.6, ಗಡಿ 3.68. ಅದೇ 3.5 ಕ್ವಿಂಟಾಲಿಗೆ ಕೊರತೆ ಶೇ. 5, ಸಿಗೋದು 1,000 ರೂಪಾಯಿಯೂ ಇಲ್ಲ. ಅಂದರೆ ಮುಂಗಾರು ಕೆಟ್ಟಷ್ಟೂ ಗಡಿ ಇಳಿಯುತ್ತೆ, ಗಡಿ ಇಳಿದಷ್ಟೂ ಪರಿಹಾರ ಇಳಿಯುತ್ತೆ. ಮೇಲೆ ಚಿಮಣಿ ಮಾಡಿದ್ದು ಕೆಳಗೆ ಕಾಗದದಲ್ಲಿ "ವಾಡಿಕೆ" ಆಗಿಬಿಡುತ್ತೆ.

ನೀವು ಏನು ಮಾಡಬಹುದು

ಮೊದಲು ಮಳೆಯ ಲೆಕ್ಕ ನಿಮ್ಮ ಕೈಯಲ್ಲಿರಲಿ. ಬುಡದಿಂದ ಬಾಯಿವರೆಗೆ ಒಂದೇ ಅಗಲ ಇರುವ ಚಪ್ಪಟೆ ತಳದ ಡಬ್ಬಿಯನ್ನು ಮರ, ಮನೆ ಹತ್ತಿರ ಇಲ್ಲದ ಬಯಲಲ್ಲಿ ಇಡಿ. ದಿನಾ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಅಡಿಕೋಲಿನಲ್ಲಿ ಅಳೆದು ಬರೆಯಿರಿ, ಚೆಲ್ಲಿ. ಎಷ್ಟು ಮಿಲಿಮೀಟರ್ ನಿಂತಿತೋ ಅಷ್ಟು ಮಳೆ. 2.5 ಮಿ.ಮೀ. ಆದರೆ ಅದು ಇಲಾಖೆಯ ಲೆಕ್ಕದಲ್ಲೂ ಮಳೆಯ ದಿನ. ಹೈಸ್ಕೂಲ್ ಮಗು ಮಾಡುವ ಕೆಲಸ. ದೇಶದಲ್ಲೇ ಮೊದಲು ಬರ ನಿಗಾ ಘಟಕ ಹುಟ್ಟಿದ್ದು ಕರ್ನಾಟಕದಲ್ಲಿ, 1988ರಲ್ಲಿ. ಇವತ್ತು ಅದರ ಮಳೆಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇದೆ. ಅದರ ಅಂಕಿಯನ್ನು ಕೇಳಿ ತಗೊಳ್ಳಿ, ನಿಮ್ಮ ಅಂಕಿಯ ಪಕ್ಕ ಇಡಿ, ಗ್ರಾಮಸಭೆಯಲ್ಲಿ ಓದಿಸಿ.

ಎರಡನೆಯದು, "ಈ ವರ್ಷ ವಾಡಿಕೆ ಮಳೆ ಆಗಿದೆ" ಅಂದವರನ್ನು ಬಿಡಬೇಡಿ. ಎಷ್ಟು ದಿನ ಬಿತ್ತು, ಎಷ್ಟು ದಿನ ಬಿಟ್ಟಿತು ಅಂತ ಕೇಳಿ. 450 ಮಿ.ಮೀ. ಮಳೆ ನಾಲ್ಕು ರಾತ್ರಿಯಲ್ಲಿ ಹೊಡೆದು, ಹೂವು ಕಚ್ಚುವ ಹೊತ್ತಿನಲ್ಲಿ 25 ದಿನ ಬಿಟ್ಟರೆ ಸರಾಸರಿ ಸರಿ ಇರುತ್ತೆ, ಹೊಲ ಸರಿ ಇರಲ್ಲ. 2016ರ ಬರ ಕೈಪಿಡಿಯಲ್ಲಿ ಮೂರು ನಾಲ್ಕು ವಾರದ ಒಣಹವೆಗೂ ಲೆಕ್ಕ ಇದೆ. ಬರೆದದ್ದನ್ನು ನಡೆಸಲಿ. ವಿಮೆಯ ಗಡಿಯನ್ನು ಕೆಟ್ಟ ವರ್ಷಗಳಿಂದ ಇಳಿಸದ ಹಾಗೆ ನಿಯಮ ಬದಲಿಸಲಿ. ಸಾಲದ ಕಂತು ಕ್ಯಾಲೆಂಡರ್ ನೋಡಿ ಬರುತ್ತೆ, ಮಳೆ ನೋಡಿ ಬರಲ್ಲ. ಒಣಹವೆ ದಾಖಲಾದ ಹೋಬಳಿಯಲ್ಲಿ ಕಂತು ತಾನಾಗಿಯೇ ಮುಂದೆ ಹೋಗಬೇಕು, ಅರ್ಜಿ ಹಿಡಿದು ಅಲೆಯುವಂತಿರಬಾರದು.

ಮೂರನೆಯದು ಹೊಲದ ಮಾತು. ಸುಲೋಚನಾ ಗಾಡ್ಗೀಳ್ ಎಂಬ ಮುಂಗಾರು ವಿಜ್ಞಾನಿ ಪಾವಗಡದ ಕಡಲೆಕಾಯಿ ಬೆಳೆಗಾರರ ಜೊತೆ ಕೂತು, ಅವರ ಪ್ರಶ್ನೆ ಕೇಳಿಕೊಂಡು, ಹಳೆಯ ಮಳೆ ದಾಖಲೆ ಹಿಡಿದು ಯಾವ ವಾರ ಬಿತ್ತಿದರೆ ಅಪಾಯ ಕಡಿಮೆ ಎಂದು ತೂಗಿ ನೋಡಿದರು. ವಿಜ್ಞಾನ ಹಾಗೆ ರೈತನ ಪ್ರಶ್ನೆಯಿಂದ ಶುರುವಾಗಬೇಕು. ರಾಗಿ ಸಾಲಿನ ನಡುವೆ ಅವರೆ, ತೊಗರಿ ಇಟ್ಟ ಹಿರಿಯರು ದಡ್ಡರಲ್ಲ. ಅದು ಅವರ ವಿಮೆ. ಬದು, ಕೃಷಿ ಹೊಂಡ ಈಗ ಎರಡಕ್ಕೂ ಬೇಕು, ಒಣಹವೆಗೂ ಬೇಕು, ದಬದಬ ಸುರಿಯುವ ಮಳೆಗೂ ಬೇಕು. 10 ಮಿ.ಮೀ. ಮಳೆ ಒಂದು ಎಕರೆ ಮೇಲೆ 40,000 ಲೀಟರ್. ಕಬ್ಬಿನ ರವದಿಗೆ ಬೆಂಕಿ ಇಡಬೇಡಿ, ಸಾಲಿಗೆ ಹಾಸಿ. ಹೊಗೆಯೂ ಉಳಿಯಿತು, ತೇವವೂ ಉಳಿಯಿತು. ನಾವು ಚಿಮಣಿಯವನನ್ನು ಕೇಳಬೇಕಾದರೆ ನಮ್ಮ ಹೊಲದ ಹೊಗೆಯೂ ನಿಲ್ಲಬೇಕು.

ನಾಲ್ಕನೆಯದು ಊರ ನೆಲ. ನಾಲ್ಕು ಗಿಡ ನೆಟ್ಟರೆ ಮಳೆ ಬರುತ್ತೆ ಅಂತ ನಾನು ಹೇಳಲ್ಲ. ಮಳೆಗೆ ಘಟ್ಟದಷ್ಟು ದೊಡ್ಡ ಹಸಿರು ಬೇಕು. ಆದರೆ ಗೋಮಾಳ, ಗುಂಡುತೋಪು, ಕೆರೆ ಅಂಗಳ ಒಂದೊಂದು ಊರಲ್ಲಿ ಹೋದರೆ ಸೀಮೆಯೇ ಬೋಳಾಗುತ್ತೆ. ಒಂದೊಂದು ಊರಲ್ಲಿ ಉಳಿದರೆ ಕನಿಷ್ಠ ಬಿದ್ದ ಮಳೆ ಅಲ್ಲೇ ಇಂಗುತ್ತೆ, ದನಕ್ಕೆ ಮೇವು ಸಿಗುತ್ತೆ.

ಮೋಡ ಬಿತ್ತನೆಯ ಮಾತನ್ನೂ ಹೇಳಿಬಿಡ್ತೇನೆ. 2017ರಲ್ಲಿ ನಮ್ಮ ರಾಜ್ಯ ವರ್ಷಧಾರಿ ಹೆಸರಲ್ಲಿ ವಿಮಾನ ಹಾರಿಸಿತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಸೋಲಾಪುರದ ಮಳೆ ನೆರಳಿನ ಸೀಮೆಯಲ್ಲಿ ಶಿಸ್ತಾಗಿ ಪರೀಕ್ಷೆ ಮಾಡಿ, ಸರಿಯಾದ ಮೋಡ ಸಿಕ್ಕಾಗ ಸುಮಾರು ಶೇ. 18 ಹೆಚ್ಚು ಮಳೆ ಬಂತು ಅಂತ 2023ರಲ್ಲಿ ಪ್ರಕಟಿಸಿತು. ಒಳ್ಳೆಯದೇ. ಆದರೆ ಬಿತ್ತನೆಗೆ ಹದವಾದ ಮೋಡ ಮೊದಲು ಬೇಕು. ಹದವಿಲ್ಲದ ಹೊಲಕ್ಕೆ ಬೀಜ ಚೆಲ್ಲಿ ಏನು ಪ್ರಯೋಜನ ಅಂತ ನಿಮಗೆ ನಾನು ಹೇಳಬೇಕೆ? ಒಂದು ಕೈಯಲ್ಲಿ ಚಿಮಣಿಗೆ ವಿನಾಯಿತಿ, ಇನ್ನೊಂದು ಕೈಯಲ್ಲಿ ಮೋಡಕ್ಕೆ ವಿಮಾನ, ಇದು ಲೆಕ್ಕ ಗೊತ್ತಿರುವವರ ಆಡಳಿತ ಅಲ್ಲ.

ಹೊಗೆ ಒಂದು ವಿಷಯದಲ್ಲಿ ಅನಿಲಕ್ಕಿಂತ ವಾಸಿ. ಇಂಗಾಲದ ಅನಿಲ ಒಮ್ಮೆ ಮೇಲೆ ಹೋದರೆ ನೂರಾರು ವರ್ಷ ಇಳಿಯಲ್ಲ. ಗಂಧಕದ ಕಣ, ಮಸಿ ಮಳೆಗಾಳಿಗೆ ಸಿಕ್ಕಿ ದಿನಗಳಲ್ಲಿ, ವಾರಗಳಲ್ಲಿ ನೆಲಕ್ಕಿಳೀತವೆ. ಇವತ್ತು ಬಿಡೋದು ನಿಲ್ಲಿಸಿದರೆ ಮುಂದಿನ ಹಂಗಾಮಿಗೆ ಮುಗಿಲು ತಿಳಿಯಾಗುತ್ತೆ. ಆಗ ಮಳೆ ಹೆಚ್ಚುವ ಸಂಭವವಿದೆ, ಜಡಿಮಳೆಯೂ ಹೆಚ್ಚುತ್ತೆ. ಅದಕ್ಕೆ ಕೆರೆ, ಬದು, ತೂಬು ಈಗಲೇ ಸಿದ್ಧವಾಗಬೇಕು. ಇದು ವಿಧಿಯಲ್ಲ. ಕೆಲಸ.

ಆದ್ದರಿಂದ ಮುಂದಿನ ಸಲ ಪಂಚನಾಮೆ ಬರೆಯಲು ಬಂದವರು "ಪ್ರಕೃತಿ ವಿಕೋಪ" ಅಂತ ಬರೆದಾಗ ನಿಮ್ಮ ಮಳೆಯ ಪುಸ್ತಕ ತೆಗೆದು ಮುಂದಿಡಿ. ಯಾವ ದಿನದಿಂದ ಯಾವ ದಿನದವರೆಗೆ ಮಳೆ ಬಿಟ್ಟಿತು ಅನ್ನೋದನ್ನು ಅವರ ಕಾಗದದಲ್ಲಿ ಬರೆಸಿ, ಅದರ ಒಂದು ಪ್ರತಿ ಕೇಳಿ ತಗೊಳ್ಳಿ. ಆಮೇಲೆ ಸಹಿ ಹಾಕಿ.